ಟಿಂಬಕ್ಟುವಿನ ಬಾಗಿಲಿಗೆ ಎಷ್ಟು ಬೆಲೆ?

 

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಮಾಮು ಚಪ್ಪಲಿ ಹಾಕಿಕೊಳ್ಳುವಾಗ ಯಾರಾದರೂ "ಎಲ್ಲಿಗೆ?" ಎಂದು ಕೇಳಿದರೆ ಅವರು "ಟಿಂಬಕ್ಟು" ಎನ್ನುತ್ತಾರೆ. ಬಹಳ ದೂರ, ಕೇಳಬೇಡಿ ಎಂದು ಅರ್ಥ. ಅದು ಅವರೇ ಹುಟ್ಟಿಸಿದ ಹೆಸರು ಎಂದು ನಾನು ಎಂಟನೇ ಕ್ಲಾಸಿನವರೆಗೆ ನಂಬಿದ್ದೆ. ಅದು ನಿಜವಾದ ಊರು, ಆಫ್ರಿಕಾದ ಮಾಲಿ ದೇಶದಲ್ಲಿದೆ, ಅಲ್ಲಿನ ಜನ ನಮ್ಮ ಹಾಗೇ ಜುಮಾ ನಮಾಝಿಗೆ ಹೋಗುತ್ತಾರೆ, ಸತ್ತ ಹಿರಿಯರಿಗೆ ಫಾತಿಹಾ ಓದುತ್ತಾರೆ ಎಂದು ತಿಳಿದದ್ದು ಆಮೇಲೆ.

ಈ ಸಲ ಸಂಚಿಕೆಗೆ "ಯುದ್ಧ ಮತ್ತು ಜನಸಾಮಾನ್ಯರು" ಎಂಬ ವಿಷಯ ಕೊಟ್ಟಾಗ ನನಗೆ ಟಿಂಬಕ್ಟು ನೆನಪಾಗಲು ಕಾರಣ ನಮ್ಮ ಅಕೌಂಟೆನ್ಸಿ ಕ್ಲಾಸು. ಗುಡ್‌ವಿಲ್ ಪಾಠ ನಡೆಯುತ್ತಿತ್ತು. ಕಣ್ಣಿಗೆ ಕಾಣದ, ಕೈಗೆ ಸಿಗದ ಆಸ್ತಿಗೆ ಬೆಲೆ ಕಟ್ಟುವುದು ಹೇಗೆ ಎಂಬುದೇ ಆ ಪಾಠ. ಹಿಂದಿನ ಬೆಂಚಿನಿಂದ ಒಬ್ಬ "ಸರ್, ಮಸೀದಿಗೆ, ಗುಡಿಗೆ ಗುಡ್‌ವಿಲ್ ಇರುತ್ತಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಸರ್ ನಗಲಿಲ್ಲ, "ಹುಡುಕಿ ನೋಡಿ, ಯಾರಾದರೂ ಲೆಕ್ಕ ಹಾಕಿರಬಹುದು" ಎಂದರು. ಹುಡುಕಿದೆ. ನಿಜಕ್ಕೂ ಲೆಕ್ಕ ಹಾಕಿದ್ದಾರೆ. ಹಾಕಿದವರು ನೆದರ್‌ಲ್ಯಾಂಡ್ಸ್ ದೇಶದ ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ನ್ಯಾಯಾಧೀಶರು, ಲೆಕ್ಕ ಟಿಂಬಕ್ಟುವಿನದು.

ಮೊದಲು ಊರಿನ ಪರಿಚಯ. ಸಹಾರಾ ಮರುಭೂಮಿಯ ಅಂಚಿನಲ್ಲಿ, ನೈಜರ್ ನದಿಗೆ ಹತ್ತಿರದಲ್ಲಿ ಟಿಂಬಕ್ಟು ಇದೆ. ಉತ್ತರದಿಂದ ಒಂಟೆಗಳ ಮೇಲೆ ಉಪ್ಪಿನ ಹಲಗೆಗಳು ಬರುತ್ತಿದ್ದವು, ದಕ್ಷಿಣದಿಂದ ಚಿನ್ನ ಬರುತ್ತಿತ್ತು. ಎರಡೂ ಸೇರುವ ಸಂತೆ ಈ ಊರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಂಡಿ. ಮಾಲಿಯ ರಾಜ ಮನ್ಸಾ ಮೂಸಾ ಹಜ್ ಮುಗಿಸಿ ಬರುವಾಗ ಅಂದಲೂಸಿಯಾದ ಒಬ್ಬ ಕವಿಯನ್ನು ಜೊತೆಗೆ ಕರೆತಂದ, ಅವನ ಕೈಯಲ್ಲಿ 1327ರ ಸುಮಾರಿಗೆ ಜಿಂಗರೆಬೆರ್ ಮಸೀದಿ ಕಟ್ಟಿಸಿದ ಎಂದು ಇತಿಹಾಸ ಹೇಳುತ್ತದೆ. ಮಸೀದಿ ಬಹುಪಾಲು ಮಣ್ಣಿನದು. ಸಂಕೋರೆ ಮತ್ತು ಸಿದಿ ಯಹ್ಯಾ ಎಂಬ ಇನ್ನೆರಡು ಹಳೆಯ ಮಸೀದಿಗಳೂ ಇವೆ. ಸರಕಿನ ಹಾದಿಯಲ್ಲೇ ಪುಸ್ತಕಗಳೂ ಬಂದವು. ಈ ಊರಿನ ವಿದ್ವಾಂಸ ಅಹ್ಮದ್ ಬಾಬಾ (1556-1627) ಅವರನ್ನು ಮೊರಾಕ್ಕೋ ಸೈನ್ಯ ಸೆರೆ ಹಿಡಿದು ಕೊಂಡೊಯ್ದಾಗ, ತನ್ನಿಂದ 1,600 ಪುಸ್ತಕ ಕಿತ್ತುಕೊಂಡರು, ನನ್ನ ಬಳಗದಲ್ಲಿ ನನ್ನದೇ ಅತಿ ಸಣ್ಣ ಗ್ರಂಥಾಲಯ ಎಂದು ಅವರು ಹೇಳಿಕೊಂಡರಂತೆ. (ನಮ್ಮ ಕಾಲೇಜು ಲೈಬ್ರರಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ.)

ಈ ಊರನ್ನು 333 ಸಂತರ ಊರು ಎಂದು ಕರೆಯುತ್ತಾರೆ. ಆ ವಲಿಗಳ, ವಿದ್ವಾಂಸರ ಮಣ್ಣಿನ ಮಝಾರ್‌ಗಳು ಊರ ಸುತ್ತ ಕಾವಲಿನಂತೆ ಇವೆ ಎಂದು ಜನರ ನಂಬಿಕೆ. ಮಳೆ ಬಿದ್ದರೆ ಮಣ್ಣು ಕರಗುತ್ತದೆ. ಆದ್ದರಿಂದ ಮತ್ತೆ ಮತ್ತೆ ಗಿಲಾವು ಮಾಡಬೇಕು. ಗಾರೆಯವರು ಮುಂದೆ ನಿಂತರೆ ಊರಿನವರೆಲ್ಲ ಮಣ್ಣು ಕಲಸುತ್ತಾರೆ, ನೀರು ಹೊರುತ್ತಾರೆ, ಮಕ್ಕಳೂ ಕೈ ಹಚ್ಚುತ್ತಾರೆ. 1988ರಲ್ಲಿ ಯುನೆಸ್ಕೋ ಮೂರು ಮಸೀದಿಗಳನ್ನೂ 16 ಮಝಾರ್‌ಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಬಂಡಾಯದ ಕಥೆ. 2011ರಲ್ಲಿ ಲಿಬಿಯಾದಲ್ಲಿ ಗಡಾಫಿ ಬಿದ್ದಾಗ ಅಲ್ಲಿನ ಶಸ್ತ್ರಾಸ್ತ್ರಗಳು ಮರುಭೂಮಿ ದಾಟಿ ಮಾಲಿಗೆ ಬಂದವು. ಉತ್ತರ ಮಾಲಿಯ ತುವಾರೆಗ್ ಜನರಲ್ಲಿ ಬಮಾಕೊ ಸರ್ಕಾರದ ಮೇಲೆ ಹಳೆಯ ಸಿಟ್ಟಿತ್ತು. ಸಿಟ್ಟಿಗೆ ಕಾರಣಗಳೂ ಇದ್ದವು. 2012ರ ಜನವರಿಯಲ್ಲಿ ಪ್ರತ್ಯೇಕ ದೇಶ ಬೇಕೆಂದು ಬಂಡಾಯ ಶುರುವಾಯಿತು. ಮಾರ್ಚ್‌ನಲ್ಲಿ ರಾಜಧಾನಿಯಲ್ಲೇ ಸೈನಿಕರು ಸರ್ಕಾರವನ್ನು ಉರುಳಿಸಿದರು. ಆ ಗಲಾಟೆಯಲ್ಲಿ ಉತ್ತರದ ಊರುಗಳು ಒಂದೊಂದಾಗಿ ಕೈತಪ್ಪಿ, ಏಪ್ರಿಲ್ 1ರಂದು ಟಿಂಬಕ್ಟು ಬಿತ್ತು. ಪ್ರತ್ಯೇಕ ದೇಶ ಕೇಳಿದವರ ಜೊತೆಗೇ ಇನ್ನೊಂದು ಗುಂಪು ಬಂದಿತ್ತು. ಇಯಾದ್ ಅಗ್ ಘಾಲಿ ಎಂಬವನ ಅನ್ಸಾರ್ ದೀನ್ ಮತ್ತು ಅದರ ಬೆನ್ನಿಗೆ ಅಲ್ ಖೈದಾದ ಉತ್ತರ ಆಫ್ರಿಕಾ ಶಾಖೆ. ಕೆಲವೇ ದಿನಗಳಲ್ಲಿ ಇವರು ಮೊದಲಿನವರನ್ನು ಹಿಂದಕ್ಕೆ ತಳ್ಳಿ ಊರನ್ನು ತಾವೇ ಹಿಡಿದರು. ಹತ್ತು ತಿಂಗಳು ಆಳಿದರು.

ಆ ಹತ್ತು ತಿಂಗಳಲ್ಲಿ ಜನರಿಗೆ ಏನಾಯಿತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಕಟ್ಟಡಗಳ ಮಾತಿನಲ್ಲಿ ಅದು ಮರೆತುಹೋಗುತ್ತದೆ. ಹಾಡು ನಿಷೇಧವಾಯಿತು. ತಲೆವಸ್ತ್ರ ಸರಿಯಾಗಿಲ್ಲ ಎಂದು ಹೆಂಗಸರನ್ನು ಹಿಡಿದರು. ಒಂದು ಬ್ಯಾಂಕಿನ ಕಟ್ಟಡವನ್ನು ತಮ್ಮ ಠಾಣೆ ಮಾಡಿಕೊಂಡಿದ್ದರು, ಅದರ ಎಟಿಎಂ ಕೋಣೆಯಲ್ಲಿ ಹೆಂಗಸರನ್ನು ಕೂಡಿಹಾಕುತ್ತಿದ್ದರು. ಎಟಿಎಂ ಕೋಣೆ ಎಷ್ಟು ದೊಡ್ಡದಿರುತ್ತದೆ ಎಂದು ನಿಮಗೆ ಗೊತ್ತು. ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯುತ್ತೇವೆ. ಬೀದಿಯಲ್ಲಿ ಜನರ ಮುಂದೆ ಚಾಟಿಯೇಟು ಕೊಟ್ಟರು. ಕಳ್ಳತನದ ಆರೋಪ ಹೊರಿಸಿ ಒಬ್ಬನ ಕೈ ಕಡಿದರು. ಇವರೆಲ್ಲ ಮುಸ್ಲಿಮರು, ಹೊಡೆದವರೂ ಮುಸ್ಲಿಮರು. ಇದನ್ನು ಬರೆಯುವಾಗ ನನಗೆ ಮುಜುಗರವಾಗುತ್ತದೆ, ಆದರೆ ಬರೆಯದಿದ್ದರೆ ಇನ್ನೂ ಕೆಟ್ಟದು.

ಜೂನ್ 28ರಂದು ಯುನೆಸ್ಕೋ ಟಿಂಬಕ್ಟುವನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ದಿನ ಬಿಟ್ಟು, ಜೂನ್ 30ರಂದು, ಹಾರೆ ಪಿಕಾಸಿ ಹಿಡಿದವರು ಸಿದಿ ಮಹಮೂದ್ ಅವರ ಮಝಾರ್ ಮೇಲೆ ಬಿದ್ದರು. ಜುಲೈ 11ರ ಹೊತ್ತಿಗೆ ಒಂಬತ್ತು ಮಝಾರ್‌ಗಳು ಮತ್ತು ಒಂದು ಬಾಗಿಲು ಹಾಳಾಗಿದ್ದವು. ಆಮೇಲೂ ನಿಲ್ಲಲಿಲ್ಲ. ಪಟ್ಟಿಯಲ್ಲಿದ್ದ 16ರಲ್ಲಿ 14 ಕೆಡವಲ್ಪಟ್ಟವು.

ಆ ಬಾಗಿಲಿನ ವಿಷಯ ಬೇರೆಯಾಗಿ ಹೇಳಬೇಕು. ಸಿದಿ ಯಹ್ಯಾ ಮಸೀದಿಯಲ್ಲಿ ಒಂದು ಹಳೆಯ ಮರದ ಬಾಗಿಲು, ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಅದು ತೆರೆಯುವುದು ಖಯಾಮತ್ ದಿನವೇ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಜುಲೈ 2ರಂದು ಬಂಡುಕೋರರು ಅದನ್ನು ಒಡೆದರು. ಮೂಢನಂಬಿಕೆ ತೆಗೆಯುತ್ತಿದ್ದೇವೆ ಎಂದು ಪತ್ರಕರ್ತರ ಮುಂದೆ ಹೇಳಿದರು. ನೋಡುತ್ತಿದ್ದವರಲ್ಲಿ ಕೆಲವರು ಅತ್ತರು. ಆಮೇಲೆ ಬಂಡುಕೋರರು ದುರಸ್ತಿಗೆಂದು ಮಸೀದಿಯ ಇಮಾಮರಿಗೆ 50,000 ಸಿಎಫ್‌ಎ ಫ್ರಾಂಕ್ ಕೊಡಲು ಬಂದರು, ಇದು ಸರಿಪಡಿಸುವಂಥ ನಷ್ಟವಲ್ಲ ಎಂದು ಇಮಾಮರು ಹಣ ಮುಟ್ಟಲಿಲ್ಲ ಎಂದು ಆಗಿನ ಸುದ್ದಿಗಳಲ್ಲಿದೆ. ನಮ್ಮ ರೂಪಾಯಿಯಲ್ಲಿ ಆಗ ಸುಮಾರು ಐದು ಸಾವಿರ. ಒಡೆದವರು ಹಾಕಿದ ಮೊದಲ ಲೆಕ್ಕ ಇದು: ಮರದ ಬೆಲೆ, ಬಡಗಿಯ ಕೂಲಿ.

ಇಲ್ಲಿ ನಮ್ಮ ಮನೆಯ ಒಂದು ಜಗಳವನ್ನು ಹೇಳಲೇಬೇಕು. ನಾನಿ ಪ್ರತಿ ವರ್ಷ ಉರುಸಿಗೆ ದರ್ಗಾಕ್ಕೆ ಹೋಗುತ್ತಾರೆ. ನನ್ನ ಖಾಲಾನ ಮಗ, ನಮ್ಮ ಭಾಯಿಜಾನ್, ಅದನ್ನು ಒಪ್ಪುವುದಿಲ್ಲ. ಗೋರಿಯ ಮೇಲೆ ಕಟ್ಟಡ ಕಟ್ಟಬಾರದು ಎಂಬ ಹದೀಸ್‌ಗಳಿವೆ ಎಂದು ವಾದ ಮಾಡುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಅಂಥ ಹದೀಸ್‌ಗಳಿವೆ, ಅವುಗಳ ಅರ್ಥದ ಬಗ್ಗೆ ಉಲಮಾಗಳಲ್ಲಿ ನೂರಾರು ವರ್ಷಗಳಿಂದ ಭಿನ್ನಾಭಿಪ್ರಾಯವಿದೆ. ನಾನು ಟಿಂಬಕ್ಟು ಬಗ್ಗೆ ಓದುತ್ತಿದ್ದೇನೆ ಎಂದಾಗ ಭಾಯಿಜಾನ್ ಮೊದಲು ಹೇಳಿದ್ದು, "ಅವರ ದಾರಿ ತಪ್ಪು, ಆದರೆ ಮಾತು ಸರಿ ಇರಬಹುದು" ಎಂದು. ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ನ್ಯಾಯಾಲಯದ ತೀರ್ಪಿನಲ್ಲೇ. ಕೆಡವುವ ಕೆಲಸದ ಉಸ್ತುವಾರಿ ಹೊತ್ತವನ ಹೆಸರು ಅಹ್ಮದ್ ಅಲ್ ಫಕೀ ಅಲ್ ಮಹ್ದಿ. ಹೊರಗಿನವನಲ್ಲ, ಟಿಂಬಕ್ಟು ಪ್ರಾಂತ್ಯದವನೇ. ಧರ್ಮಶಾಸ್ತ್ರ ಓದಿದವನು, ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವನು. ಬಂಡುಕೋರರು ಅವನನ್ನು ಹಿಸ್ಬಾ, ಅಂದರೆ ನಡತೆ ತಿದ್ದುವ ದಳದ ಮುಖ್ಯಸ್ಥನನ್ನಾಗಿ ಮಾಡಿದರು. ಮಝಾರ್‌ಗಳನ್ನು ಕೆಡವೋಣವೇ ಎಂದು ನಾಯಕರು ಕೇಳಿದಾಗ ಅವನು ಕೊಟ್ಟ ಸಲಹೆ ಏನು ಗೊತ್ತೇ? ಗೋರಿಯ ಮೇಲಿನ ಕಟ್ಟಡ ಶಾಸ್ತ್ರಕ್ಕೆ ಸರಿಯಲ್ಲ, ಆದರೂ ಕೆಡವಬೇಡಿ, ಊರಿನವರ ಸಂಬಂಧ ಕೆಡುತ್ತದೆ ಎಂದು. ಅಂದರೆ ಅವನ ಅಭಿಪ್ರಾಯ ಹೆಚ್ಚು ಕಡಿಮೆ ನಮ್ಮ ಭಾಯಿಜಾನ್ ಅಭಿಪ್ರಾಯವೇ. ಆದರೆ ಮೇಲಿನಿಂದ ಇಯಾದ್ ಅಗ್ ಘಾಲಿಯ ಆದೇಶ ಬಂದಾಗ ಹಿಂಜರಿಯದೆ ಒಪ್ಪಿದ. ಕೆಡವುವುದನ್ನು ಸಮರ್ಥಿಸುವ ಜುಮಾ ಖುತ್ಬಾ ಬರೆದುಕೊಟ್ಟ. ಯಾವ ಕ್ರಮದಲ್ಲಿ ಕೆಡವಬೇಕೆಂದು ತೀರ್ಮಾನಿಸಿದ. ಹತ್ತರಲ್ಲಿ ಐದು ಕಡೆ ತಾನೇ ಕೈ ಹಾಕಿದ. ಒಂದು ಕಡೆ ಬಿಟ್ಟು ಉಳಿದೆಡೆ ಬುಲ್‌ಡೋಜರ್ ಬೇಡ, ಅಕ್ಕಪಕ್ಕದ ಗೋರಿಗಳಿಗೆ ಪೆಟ್ಟಾಗುತ್ತದೆ ಎಂದನಂತೆ. ಇಷ್ಟು ಸೂಕ್ಷ್ಮ ಇದ್ದವನು ಒಂದು ಸಲ "ಇಲ್ಲ" ಎನ್ನಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ.

ನಾನು ಇದನ್ನು ಭಾಯಿಜಾನ್‌ಗೆ ಹೇಳಿದೆ. ಗೋರಿ ಕಟ್ಟಬಹುದೇ ಬೇಡವೇ ಎಂಬುದು ನಾನಿ ಮತ್ತು ನಿಮ್ಮ ನಡುವಿನ ಚರ್ಚೆ, ಊಟದ ದಸ್ತರ್‌ಖಾನ್ ಮೇಲೆ ನಡೆಯುತ್ತದೆ, ಮುಗಿದ ಮೇಲೆ ನಾನಿ ನಿಮಗೇ ಮೊದಲು ಸಾಲನ್ ಬಡಿಸುತ್ತಾರೆ. ಅಲ್ಲಿ ಒಂದು ಕಡೆಯವರ ಕೈಯಲ್ಲಿ ಬಂದೂಕು ಇತ್ತು, ಇನ್ನೊಂದು ಕಡೆಯವರು ಮಾತಾಡಿದರೆ ಚಾಟಿಯೇಟು. ಅದು ಚರ್ಚೆಯೇ ಅಲ್ಲ. ಭಾಯಿಜಾನ್ ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಹೌದು" ಎಂದರು.

ಬಂಡುಕೋರರು ಆರಾಧನಾಲಯಗಳಿಗೇ ಏಕೆ ಕೈ ಹಾಕುತ್ತಾರೆ? ಅಲ್ಲಿ ಸೈನ್ಯ ಇರುವುದಿಲ್ಲ, ಖಜಾನೆ ಇರುವುದಿಲ್ಲ. ಟಿಂಬಕ್ಟುವನ್ನು ನೋಡಿದರೆ ನನಗೆ ತೋಚುವುದು ಹೀಗೆ. ಮಝಾರ್ ನೋಡಿಕೊಳ್ಳುವ ಮನೆತನಗಳು, ಇಮಾಮರು, ಗಾರೆ ಕುಟುಂಬಗಳು, ಇವರ ಮಾತಿಗೆ ಊರಿನಲ್ಲಿ ಬೆಲೆ ಇತ್ತು. ಗೋಡೆ ಕೆಡವಿದರೆ ಆ ಬೆಲೆಯೂ ಬೀಳುತ್ತದೆ, ಇನ್ನು ಮುಂದೆ ಯಾರ ಮಾತು ನಡೆಯುತ್ತದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು, ಜಗತ್ತು ನೋಡಲಿ ಎಂಬ ಹಟ. ಯುನೆಸ್ಕೋ ಪ್ರಕಟಣೆಯ ಎರಡೇ ದಿನಕ್ಕೆ ಕೆಲಸ ಶುರುವಾದದ್ದು ಸುಮ್ಮನೆ ಅಲ್ಲ. ಒಂದೂ ಬಿಡದೆ ಎಲ್ಲ ಕೆಡವುತ್ತೇವೆ ಎಂದು ಅವರ ವಕ್ತಾರ ಸುದ್ದಿಗಾರರಿಗೆ ಫೋನಿನಲ್ಲೇ ಹೇಳುತ್ತಿದ್ದ.

ಬೇರೆ ಕಡೆ ಕಾರಣ ಇನ್ನೂ ಕ್ರೂರವಾಗಿರುತ್ತದೆ. ನಮ್ಮ ನೆರೆಯ ಶ್ರೀಲಂಕಾದಲ್ಲಿ 1990ರ ಆಗಸ್ಟ್ 3, ಶುಕ್ರವಾರ, ಬಟ್ಟಿಕಲೋವ ಹತ್ತಿರದ ಕಾತ್ತಾನ್‌ಕುಡಿಯಲ್ಲಿ ಇಶಾ ನಮಾಝ್ ನಡೆಯುತ್ತಿದ್ದ ಎರಡು ಮಸೀದಿಗಳಿಗೆ ಎಲ್‌ಟಿಟಿಇ ಬಂಡುಕೋರರು ನುಗ್ಗಿ ಗುಂಡು ಹಾರಿಸಿದರು. ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರಿಗೆಲ್ಲ ಊರು ಬಿಡಲು ಹೇಳಿದರು. ಜಾಫ್ನಾದಲ್ಲಿ ಕೊಟ್ಟ ಸಮಯ ಎರಡು ಗಂಟೆ. ಒಟ್ಟು ಎಪ್ಪತ್ತು ಸಾವಿರದಷ್ಟು ಜನ ಮನೆ, ಅಂಗಡಿ, ಒಡವೆ ಬಿಟ್ಟು ನಡೆದರು. ಹೊಡೆದವರೂ ಹೊಡೆಸಿಕೊಂಡವರೂ ಮಾತಾಡುತ್ತಿದ್ದುದು ಒಂದೇ ತಮಿಳು. 1998ರ ಜನವರಿಯಲ್ಲಿ ಕ್ಯಾಂಡಿಯ ಬುದ್ಧ ದಂತ ಮಂದಿರದ ಮುಂದೆ ಲಾರಿ ಬಾಂಬ್ ಸ್ಫೋಟಿಸಿದವರೂ ಅವರೇ. ಅದೇ ಯುದ್ಧದಲ್ಲಿ ಸರ್ಕಾರದ ವಿಮಾನಗಳು 1995ರಲ್ಲಿ ನವಾಲಿ ಎಂಬಲ್ಲಿ ತಮಿಳರು ಆಶ್ರಯ ಪಡೆದಿದ್ದ ಚರ್ಚಿನ ಮೇಲೆ ಬಾಂಬ್ ಹಾಕಿದ್ದನ್ನೂ ಹೇಳದೆ ಬಿಟ್ಟರೆ ಅನ್ಯಾಯ. ಜನ ದೇವರ ಮನೆಗೆ ಓಡುವುದು ಇಲ್ಲಿ ಯಾರೂ ಹೊಡೆಯಲಾರರು ಎಂದು. ಅದನ್ನೇ ಹೊಡೆದರೆ ಇನ್ನು ಓಡಲು ಜಾಗವಿಲ್ಲ ಎಂದು ಅರ್ಥ. ಆಗ ಜನ ಊರನ್ನೇ ಬಿಡುತ್ತಾರೆ.

ಕಾನೂನು ಏನು ಹೇಳುತ್ತದೆ? ಬಹಳ ಜನ ಯುದ್ಧದ ಕಾನೂನು ದೇಶಗಳಿಗೆ ಮಾತ್ರ, ಬಂಡುಕೋರರಿಗೆ ಇಲ್ಲ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಮೂರನೇ ವಿಧಿ ಒಂದೇ ಆಗಿದೆ. ದೇಶದೊಳಗಿನ ಸಶಸ್ತ್ರ ಸಂಘರ್ಷದಲ್ಲಿ ಎರಡೂ ಕಡೆಯವರು, ಅಂದರೆ ಬಂಡುಕೋರರೂ, ಆಯುಧ ಹಿಡಿಯದವರನ್ನು ಕೊಲ್ಲಬಾರದು, ಹಿಂಸಿಸಬಾರದು, ಒತ್ತೆ ಇಡಬಾರದು ಎಂದು ಅದು ಹೇಳುತ್ತದೆ. 1977ರ ಎರಡನೇ ಹೆಚ್ಚುವರಿ ಒಪ್ಪಂದ ಆರಾಧನಾ ಸ್ಥಳಗಳನ್ನು ಹೆಸರಿಸಿ ರಕ್ಷಣೆ ಕೊಡುತ್ತದೆ. ಹೇಗ್ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ರೋಮ್ ಶಾಸನದ 8ನೇ ವಿಧಿ, ಧರ್ಮ, ಶಿಕ್ಷಣ, ಕಲೆ, ವಿಜ್ಞಾನ, ದಾನಧರ್ಮಗಳಿಗೆ ಮೀಸಲಾದ ಕಟ್ಟಡಗಳ ಮೇಲೆ, ಐತಿಹಾಸಿಕ ಸ್ಮಾರಕಗಳ ಮೇಲೆ, ಆಸ್ಪತ್ರೆಗಳ ಮೇಲೆ ಬೇಕೆಂದೇ ದಾಳಿ ಮಾಡುವುದು ಯುದ್ಧಾಪರಾಧ ಎನ್ನುತ್ತದೆ. ಒಂದೇ ಷರತ್ತು, ಆ ಕಟ್ಟಡವನ್ನು ಸೈನಿಕ ಕೆಲಸಕ್ಕೆ ಬಳಸುತ್ತಿರಬಾರದು. ಮಸೀದಿಯ ಮಿನಾರದ ಮೇಲೆ ಬಂದೂಕುಧಾರಿ ಕುಳಿತರೆ ಅವನೇ ಆ ರಕ್ಷಣೆಯನ್ನು ಕಳೆಯುತ್ತಾನೆ. ಟಿಂಬಕ್ಟುವಿನಲ್ಲಿ ಅಂಥದ್ದೇನೂ ಇರಲಿಲ್ಲ. ಭಾರತ ಈ ರೋಮ್ ಶಾಸನಕ್ಕೆ ಸೇರಿಲ್ಲ. ಮಾಲಿ ಸೇರಿತ್ತು, 2012ರ ಜುಲೈನಲ್ಲಿ ತಾನೇ ಪ್ರಕರಣವನ್ನು ನ್ಯಾಯಾಲಯಕ್ಕೆ ಒಪ್ಪಿಸಿತು.

ನಮ್ಮ ಧರ್ಮದಲ್ಲಿ ಇದು ಹೊಸ ಮಾತಲ್ಲ ಎಂಬುದನ್ನೂ ಹೇಳುತ್ತೇನೆ. ಸೂರಾ ಹಜ್‌ನ 40ನೇ ಆಯತ್‌ನಲ್ಲಿ ಮಸೀದಿಯ ಜೊತೆಗೆ ಸನ್ಯಾಸಿಗಳ ಮಠ, ಚರ್ಚು, ಯಹೂದಿಗಳ ಮಂದಿರಗಳ ಹೆಸರೂ ಇದೆ, ಮಸೀದಿ ಕೊನೆಗೆ ಬರುತ್ತದೆ. ಹಜ್ರತ್ ಅಬೂಬಕರ್ ಸಿದ್ದೀಕ್ (ರ) ಸಿರಿಯಾಕ್ಕೆ ಸೈನ್ಯ ಕಳಿಸುವಾಗ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡಿ, ಮಠದಲ್ಲಿ ಕುಳಿತವರನ್ನು ಅವರ ಪಾಡಿಗೆ ಬಿಡಿ, ಹಣ್ಣಿನ ಮರ ಕಡಿಯಬೇಡಿ ಎಂದು ಹೇಳಿ ಕಳಿಸಿದ್ದನ್ನು ನಾವೆಲ್ಲ ದೀನಿಯಾತ್ ಕ್ಲಾಸಿನಲ್ಲಿ ಕಲಿತಿದ್ದೇವೆ.

ಅಲ್ ಮಹ್ದಿಯನ್ನು ನೈಜರ್ ದೇಶ 2015ರ ಸೆಪ್ಟೆಂಬರ್‌ನಲ್ಲಿ ಹೇಗ್‌ಗೆ ಒಪ್ಪಿಸಿತು. 2016ರ ಆಗಸ್ಟ್ 22ರಂದು ಅವನು ತಪ್ಪೊಪ್ಪಿಕೊಂಡ. ಆ ನ್ಯಾಯಾಲಯದಲ್ಲಿ ಹಾಗೆ ಒಪ್ಪಿಕೊಂಡವರಲ್ಲಿ ಅವನೇ ಮೊದಲಿಗ. ಊರಿನವರ ಕ್ಷಮೆ ಕೇಳಿದ, ಜಗತ್ತಿನ ಮುಸ್ಲಿಮರು ಇಂಥ ಕೆಲಸಕ್ಕೆ ಹೋಗಬೇಡಿ ಎಂದ. ಸೆಪ್ಟೆಂಬರ್ 27ರಂದು 9 ವರ್ಷ ಜೈಲು ಶಿಕ್ಷೆಯಾಯಿತು. ಪಾರಂಪರಿಕ, ಧಾರ್ಮಿಕ ಕಟ್ಟಡ ನಾಶವೊಂದನ್ನೇ ಮುಖ್ಯ ಆರೋಪ ಮಾಡಿ ಆ ನ್ಯಾಯಾಲಯ ನಡೆಸಿದ ಮೊದಲ ಮೊಕದ್ದಮೆ ಇದು.

ಇನ್ನು ನಮ್ಮ ಸರ್ ಹೇಳಿದ ಲೆಕ್ಕ. 2017ರ ಆಗಸ್ಟ್ 17ರಂದು ಪರಿಹಾರದ ಆದೇಶ ಬಂತು. ಒಟ್ಟು 27 ಲಕ್ಷ ಯೂರೋ, ಆಗಿನ ದರದಲ್ಲಿ ಸುಮಾರು 20 ಕೋಟಿ ರೂಪಾಯಿ. ಇದನ್ನು ಮೂರು ಭಾಗ ಮಾಡಿದ್ದಾರೆ. ಕಟ್ಟಡಗಳಿಗೆ ಆದ ಹಾನಿ 97 ಸಾವಿರ ಯೂರೋ. ಆರ್ಥಿಕ ನಷ್ಟ, ಅಂದರೆ ಮಝಾರ್‌ಗಳನ್ನು ನಂಬಿ ಬದುಕುತ್ತಿದ್ದವರ ಸಂಪಾದನೆ ಮತ್ತು ಊರಿನ ಪ್ರವಾಸೋದ್ಯಮ ಇತ್ಯಾದಿ, 21 ಲಕ್ಷ 20 ಸಾವಿರ. ಮಾನಸಿಕ ನೋವು 4 ಲಕ್ಷ 83 ಸಾವಿರ. ಕೂಡಿಸಿ ನೋಡಿ, ಸರಿಯಾಗುತ್ತದೆ, ನಾನು ಎರಡು ಸಲ ಕೂಡಿಸಿದೆ.

ಗಮನಿಸಿ: ಮಣ್ಣು, ಕಲ್ಲು, ಮರದ ಪಾಲು ನೂರಕ್ಕೆ ನಾಲ್ಕೂ ಇಲ್ಲ. ನಮ್ಮ ಪುಸ್ತಕದ ಪ್ರಕಾರ ಡಿಪ್ರಿಸಿಯೇಷನ್ ಹಾಕಿದರೆ ಐನೂರು ವರ್ಷದ ಮಣ್ಣಿನ ಗೋಡೆಯ ಬುಕ್ ವ್ಯಾಲ್ಯೂ ಸೊನ್ನೆ. ಉಳಿದ ನೂರಕ್ಕೆ ತೊಂಬತ್ತಾರು ಕಟ್ಟಡದ್ದಲ್ಲ, ಕಟ್ಟಡದ ಸುತ್ತ ಇದ್ದ ಬದುಕಿನದು. ಗುಡ್‌ವಿಲ್ ಎಂದು ಕರೆಯಬಹುದೋ ಇಲ್ಲವೋ ಸರ್ ಹೇಳಬೇಕು. ನಾವು ಹಿಂದಿನ ಲಾಭದ ಸರಾಸರಿ ಹಿಡಿದು ಗುಣಿಸುತ್ತೇವೆ, ಇಲ್ಲಿ ನ್ಯಾಯಾಧೀಶರು ತಜ್ಞರ ವರದಿ ನೋಡಿ ಅಂದಾಜು ಕಟ್ಟಿದ್ದಾರೆ. ವೈಯಕ್ತಿಕ ಪರಿಹಾರ ಎಲ್ಲರಿಗೂ ಇಲ್ಲ. ಪೂರ್ತಿಯಾಗಿ ಆ ಕಟ್ಟಡಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದವರಿಗೆ, ಮತ್ತು ಯಾರ ಪೂರ್ವಜರ ಗೋರಿ ಹಾಳಾಯಿತೋ ಆ ವಂಶದವರಿಗೆ ಮಾತ್ರ. ಉಳಿದದ್ದು ಊರಿಗೆ ಒಟ್ಟಾಗಿ. ಮಾಲಿ ಸರ್ಕಾರಕ್ಕೆ ಮತ್ತು ಜಗತ್ತಿನ ಪರವಾಗಿ ಯುನೆಸ್ಕೋಗೆ ಸಾಂಕೇತಿಕವಾಗಿ ತಲಾ 1 ಯೂರೋ. ಆ ಒಂದೊಂದು ಯೂರೋವನ್ನು 2021ರ ಮಾರ್ಚ್‌ನಲ್ಲಿ ಬಮಾಕೊದಲ್ಲಿ ಸಮಾರಂಭ ಮಾಡಿ ಕೊಟ್ಟರು.

ಹಣ ಕೊಡುವವರು ಯಾರು? ಅಲ್ ಮಹ್ದಿಯ ಬಳಿ ಏನೂ ಇಲ್ಲ. ಸಾಲ ಅವನ ಹೆಸರಿನಲ್ಲೇ ಇರುತ್ತದೆ, ಸದ್ಯಕ್ಕೆ ನ್ಯಾಯಾಲಯದ ಸಂತ್ರಸ್ತರ ನಿಧಿ ದೇಣಿಗೆ ಸಂಗ್ರಹಿಸಿ ಕೊಡುತ್ತದೆ. ಬ್ಯಾಡ್ ಡೆಟ್ ಎಂದು ಬರೆದು ಹಾಕದೆ ಖಾತೆ ತೆರೆದೇ ಇಟ್ಟಿದ್ದಾರೆ ಎನ್ನಬಹುದು. ಅವನ ಶಿಕ್ಷೆಯಲ್ಲಿ ಎರಡು ವರ್ಷ ಕಡಿತವಾಗಿ, 2022ರ ಸೆಪ್ಟೆಂಬರ್‌ಗೆ ಅದು ಮುಗಿಯಿತು.

ನಮ್ಮ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಗೆಳತಿ ಸಿಟ್ಟಾದಳು. "ಗೋಡೆಗೆ ಒಂಬತ್ತು ವರ್ಷ. ಎಟಿಎಂನಲ್ಲಿ ಕೂಡಿಹಾಕಿದ ಹೆಂಗಸರಿಗೆ? ಕೈ ಕಳೆದುಕೊಂಡವನಿಗೆ?" ಎಂದಳು. ಇದೇ ಪ್ರಶ್ನೆಯನ್ನು ಮಾನವ ಹಕ್ಕು ಸಂಘಟನೆಗಳೂ ಆಗ ಎತ್ತಿದ್ದವು. ಆಸ್ತಿಯ ಮೇಲಿನ ಅಪರಾಧ ಸಾಮಾನ್ಯವಾಗಿ ಮನುಷ್ಯರ ಮೇಲಿನ ಅಪರಾಧಕ್ಕಿಂತ ಕಡಿಮೆ ತೀವ್ರತೆಯದು ಎಂದು ನ್ಯಾಯಾಧೀಶರೂ ತೀರ್ಪಿನಲ್ಲಿ ಒಪ್ಪಿದ್ದಾರೆ. ಆದರೆ ಇವು ಬರಿಯ ಕಟ್ಟಡಗಳಲ್ಲ, ಊರಿನವರ ನಂಬಿಕೆಯನ್ನು ಗುರಿಯಾಗಿಸಿಯೇ ಕೆಡವಿದ್ದು ಎಂದೂ ಸೇರಿಸಿದ್ದಾರೆ. ಜನರ ಮೇಲಿನ ಹಿಂಸೆಯ ಮೊಕದ್ದಮೆ ಬೇರೆಯಾಗಿ ನಡೆಯಿತು. ಬಂಡುಕೋರರ ಪೊಲೀಸ್ ದಳದಲ್ಲಿದ್ದ ಅಲ್ ಹಸನ್ ಎಂಬವನನ್ನು ಚಿತ್ರಹಿಂಸೆ ಮುಂತಾದ ಅಪರಾಧಗಳಿಗೆ 2024ರ ಜೂನ್‌ನಲ್ಲಿ ತಪ್ಪಿತಸ್ಥನೆಂದು ತೀರ್ಮಾನಿಸಿ, ನವೆಂಬರ್‌ನಲ್ಲಿ 10 ವರ್ಷ ಶಿಕ್ಷೆ ಕೊಟ್ಟರು. ಬಲವಂತದ ಮದುವೆ, ಅತ್ಯಾಚಾರದ ಆರೋಪಗಳಲ್ಲಿ ಅವನು ಖುಲಾಸೆಯಾದ. ಆ ಹೆಂಗಸರು ಹನ್ನೆರಡು ವರ್ಷ ಕಾದು ಆ ಮಾತು ಕೇಳಬೇಕಾಯಿತು. ಗೆಳತಿಯ ಸಿಟ್ಟು ನನಗೆ ಸರಿ ಎನ್ನಿಸುತ್ತದೆ. ಗೋಡೆಯ ಲೆಕ್ಕ ಸುಲಭ, ಕೆಡವುವುದನ್ನು ಅವರೇ ವಿಡಿಯೋ ಮಾಡಿಕೊಂಡಿದ್ದರು. ಕೋಣೆಯೊಳಗೆ ನಡೆದದ್ದಕ್ಕೆ ವಿಡಿಯೋ ಇರುವುದಿಲ್ಲ.

ಊರಿನವರು ಸುಮ್ಮನೆ ಕುಳಿತಿರಲಿಲ್ಲ. ಟಿಂಬಕ್ಟುವಿನ ಮನೆಮನೆಗಳಲ್ಲಿ ಹಳೆಯ ಹಸ್ತಪ್ರತಿಗಳಿದ್ದವು: ಕುರ್‌ಆನ್, ಫಿಕ್ಹ್, ಖಗೋಳ, ವೈದ್ಯ, ವ್ಯಾಪಾರದ ಕರಾರುಪತ್ರಗಳು. ಅಬ್ದುಲ್ ಖಾದರ್ ಹೈದರಾ ಎಂಬ ಗ್ರಂಥಪಾಲಕರು ಮತ್ತು ಅವರ ಜೊತೆಯವರು ಅವನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ, ರಾತ್ರಿ ಹೊತ್ತು ಕತ್ತೆಗಾಡಿ, ಜೀಪು, ದೋಣಿಗಳಲ್ಲಿ ಬಮಾಕೊಗೆ ಸಾಗಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಉಳಿಸಿದೆವು ಎಂದು ಅವರು ಹೇಳುತ್ತಾರೆ. 2013ರ ಜನವರಿ ಕೊನೆಯಲ್ಲಿ ಫ್ರೆಂಚ್ ಮತ್ತು ಮಾಲಿ ಸೈನ್ಯ ಬರುವ ಮುಂಚೆ ಬಂಡುಕೋರರು ಅಹ್ಮದ್ ಬಾಬಾ ಸಂಸ್ಥೆಯಲ್ಲಿ ಸಿಕ್ಕಿದ್ದಕ್ಕೆ ಬೆಂಕಿ ಇಟ್ಟರು. ಸುಮಾರು 4,000 ಹಸ್ತಪ್ರತಿ ಹೋದವು. ಅಹ್ಮದ್ ಬಾಬಾ ಕಳೆದುಕೊಂಡ 1,600ರ ನಂತರ ಅವರ ಹೆಸರಿನ ಕಟ್ಟಡದಲ್ಲೇ ಮತ್ತೊಮ್ಮೆ.

ಮಝಾರ್‌ಗಳನ್ನು ಮತ್ತೆ ಕಟ್ಟುವ ಕೆಲಸ 2014ರ ಮಾರ್ಚ್‌ನಲ್ಲಿ ಶುರುವಾಯಿತು. ಯುನೆಸ್ಕೋ ಹಣ ಹೊಂದಿಸಿತು, ಆದರೆ ಕಟ್ಟಿದವರು ಊರಿನ ಗಾರೆಯವರೇ, ಹಳೆಯ ಪದ್ಧತಿಯಲ್ಲೇ. ಉಳಿದ ಅಡಿಪಾಯ ಅಗೆದು ಅಳತೆ ಹಿಡಿದರು, ಹಳೆಯ ಫೋಟೋ ನೋಡಿದರು, ಮುದುಕರನ್ನು ಕೇಳಿದರು. 2015ರ ಜುಲೈ ಹೊತ್ತಿಗೆ ಹದಿನಾಲ್ಕೂ ಎದ್ದು ನಿಂತವು. 2016ರ ಫೆಬ್ರವರಿ 4ರಂದು ಜಾನುವಾರು ಜಬಹ್ ಮಾಡಿ, ಕುರ್‌ಆನ್ ಓದಿ, ದುವಾ ಮಾಡಿ ಅವನ್ನು ಮತ್ತೆ ಪವಿತ್ರಗೊಳಿಸಿದರು. ಸಿದಿ ಯಹ್ಯಾ ಬಾಗಿಲನ್ನು ಅದೇ ವರ್ಷ ಸೆಪ್ಟೆಂಬರ್ 19ರಂದು, ಹೇಗ್‌ನಲ್ಲಿ ತೀರ್ಪು ಬರುವ ಎಂಟು ದಿನ ಮುಂಚೆ, ಮತ್ತೆ ಕೂಡಿಸಿದರು.

ಇಷ್ಟನ್ನೂ ನಾನು ನಾನಿಗೆ ನಮ್ಮ ಮನೆಯ ಮಾತಿನಲ್ಲಿ ಹೇಳಿದೆ. ಕೋರ್ಟು, ಯೂರೋ ಯಾವುದನ್ನೂ ಅವರು ಕೇಳಲಿಲ್ಲ. "ಈಗ ಆ ಬಾಗಿಲು ಮುಚ್ಚಿದೆಯಾ ತೆರೆದಿದೆಯಾ?" ಎಂದು ಕೇಳಿದರು. ಕೂಡಿಸಿದ್ದಾರೆ ಎಂದೆ. "ಅಲ್ಲಿ ಈಗ ನೆಮ್ಮದಿ ಇದೆಯಾ?" ಎಂದರು. ಇಲ್ಲ ನಾನಿ, ಎನ್ನಬೇಕಾಯಿತು. ಇಯಾದ್ ಅಗ್ ಘಾಲಿಯ ಮೇಲಿನ ಬಂಧನ ವಾರಂಟನ್ನು ನ್ಯಾಯಾಲಯ 2024ರ ಜೂನ್‌ನಲ್ಲಿ ಬಹಿರಂಗ ಮಾಡಿತು, ಅವನು ಸಿಕ್ಕಿಲ್ಲ. 2023ರ ಆಗಸ್ಟ್‌ನಲ್ಲಿ ಅವನ ಈಗಿನ ಸಂಘಟನೆಯೇ ಟಿಂಬಕ್ಟುವಿಗೆ ಬರುವ ರಸ್ತೆಗಳನ್ನು ತಡೆದು ಸರಕು ನಿಲ್ಲಿಸಿತು, ಊರಿನಲ್ಲಿ ದಿನಸಿ ಬೆಲೆ ಏರಿತು. ನಾನಿ ತಸ್ಬೀಹ್ ಕೈಗೆತ್ತಿಕೊಂಡು, ಆ ಊರಿನ ಹೆಸರು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಮಾಮು ಹೇಳುವ ಟಿಂಬಕ್ಟು ಇದೇನಾ ಎಂದು ಅವರಿಗೆ ಆಶ್ಚರ್ಯ.